ಒಂದು ಒಳಲೆ ನಿಂಬೆಯ ಪಾಕ

ನನ್ನ ಮಿತ್ರರಾದ ಇಂಗ್ಲಿಷ್ ಅಧ್ಯಾಪಕರು ಗಿಮ್ಲೆಟ್ ಪಾನೀಯವನ್ನು ಬೆಳ್ಳಿಯ ಒಳಲೆಯಿಂದ ಅಳೆಯುತ್ತಿದ್ದರು. ಮಗುವಿಗೆ ಔಷಧ ಕುಡಿಸುವ ಒಳಲೆಯಲ್ಲಿ ಜಿನ್ನೇ ಎಂದರೆ, “ಇದೂ ಔಷಧವೇ ಕಣ್ರೀ ಮೇಷ್ಟ್ರೇ” ಎಂದು ನಗುವರು. ನಿಂಬೆಯ ಮಟ್ಟಿಗೆ ಆ ಮಾತು ಸುಳ್ಳಲ್ಲ. ನಾವಿಕರ ವಸಡು ಕೊಳೆಸುತ್ತಿದ್ದ ಸ್ಕರ್ವಿ ರೋಗಕ್ಕೆ ಕಿತ್ತಳೆ, ನಿಂಬೆಗಳೇ ಮದ್ದೆಂದು ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು 1747ರಲ್ಲಿ ಪರೀಕ್ಷಿಸಿ ಕಂಡನು. ನಿಂಬೆರಸವನ್ನು ಮದ್ಯವಿಲ್ಲದೆ, ಸಕ್ಕರೆಯಿಂದ ಕೆಡದಂತೆ ಇಡುವ ವಿಧಾನಕ್ಕೆ ಲಾಕ್ಲನ್ ರೋಸ್ 1867ರಲ್ಲಿ ಪೇಟೆಂಟ್ ಪಡೆದನು. ಅಂಥ ರಸಕ್ಕೆ ಜಿನ್ ಬೆರೆತು ಗಿಮ್ಲೆಟ್ ಆಯಿತು.

ರೇಮಂಡ್ ಚಾಂಡ್ಲರನ 1953ರ ಕಾದಂಬರಿ ‘ದಿ ಲಾಂಗ್ ಗುಡ್‌ಬೈ’ಯಲ್ಲಿ ಎರಡೂ ಸಮಪಾಲು. ಮಿತ್ರರಿಗೆ ಅದು ಅತಿ ಸಿಹಿ. ಅವರದು ಮೂರು ಒಳಲೆ ಜಿನ್ನಿಗೆ ಒಂದು ಒಳಲೆ ಪಾಕ. ನಿಂಬೆಯ ಹಸಿರು ಸಿಪ್ಪೆಯನ್ನಷ್ಟೇ ಹೆರೆಯಬೇಕು. ಒಳಗಿನ ಬಿಳಿ ಕಹಿ. ಅದನ್ನು ರಾತ್ರಿಯೆಲ್ಲ ಸಕ್ಕರೆಯಲ್ಲಿಟ್ಟು, ಬೆಳಿಗ್ಗೆ ರಸ ಹಿಂಡಿ, ಕರಗಿಸಿ ಸೋಸಿದರೆ ಪಾಕ. ಜಿನ್ನಿನೊಡನೆ ಮಂಜುಗಡ್ಡೆ ಹಾಕಿ ಕುಲುಕಿ ಸೋಸಿದರೆ ಮುಗಿಯಿತು.

ಆ ಕಾದಂಬರಿಯಲ್ಲಿ ಅಗಲಿದ ಗೆಳೆಯನು, ತನಗಾಗಿ ಒಂದು ಗಿಮ್ಲೆಟ್ ಕುಡಿಯೆಂದು ಪತ್ರ ಬರೆಯುತ್ತಾನೆ. ನನ್ನ ಮಿತ್ರರು ಹೋದ ವರ್ಷ ತೀರಿಕೊಂಡರು, ಪತ್ರವಿರಲಿಲ್ಲ. ಅವರ ಮನೆಯವರು ಒಳಲೆಯನ್ನು ನನಗೆ ಕೊಟ್ಟರು. ಕುಡಿಯುವ ಅಭ್ಯಾಸವಿಲ್ಲದ ನಾನು ಮೊನ್ನೆ ಅಳೆದು, ಕುಲುಕಿ, ಒಂದು ಗುಟುಕು ಕುಡಿದೆ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ಜುನಿಪರ್ ಕಾಯಿಯ ಕಾಡುಗಂಪು. ಅಳತೆ ಸರಿಯಾಗಿತ್ತೇ ಎಂದು ಹೇಳಬೇಕಾದವರು ಎದುರಿಗಿರಲಿಲ್ಲ.