ಕ್ರಿಪ್ಟೋ: ಹಣ ಹಾಕುವ ಮೊದಲು ಎಲ್ಲಿ ಕಲಿಯಬೇಕು?



ಬಿಟ್‌ಕಾಯಿನ್, ಬ್ಲಾಕ್‌ಚೈನ್ ಎಂದರೇನು, ಎಲ್ಲಿಂದ ಕಲಿಯಬೇಕು ಎಂದು ಹಲವರು, ಅದರಲ್ಲೂ ಕಾಲೇಜಿನಲ್ಲಿ ಓದುತ್ತಿರುವವರು ಕೇಳುತ್ತಿದ್ದಾರೆ. ಕಲಿಸುತ್ತೇವೆ ಎನ್ನುವವರಿಗೆ ಕೊರತೆಯಿಲ್ಲ. ಆದರೆ ಅವರಲ್ಲಿ ಬಹಳ ಜನರಿಗೆ ಮಾರಲು ಏನಾದರೂ ಇರುತ್ತದೆ. ಹಾಗಾಗಿ ನಾಣ್ಯ ಮಾರದ, ಉಚಿತವಾಗಿ ಸಿಗುವ ಆಕರಗಳನ್ನಷ್ಟೇ ಇಲ್ಲಿ ಕೊಡುತ್ತಿದ್ದೇವೆ.

ಬ್ಲಾಕ್‌ಚೈನ್ ಎಂದರೆ ಒಂದು ಲೆಕ್ಕದ ಪುಸ್ತಕ. ಸಹಕಾರ ಸಂಘದ ಪುಸ್ತಕ ಕಾರ್ಯದರ್ಶಿಯ ಕೈಯಲ್ಲಿರುತ್ತದೆ. ಬಿಟ್‌ಕಾಯಿನ್‌ನ ಪುಸ್ತಕದ ಪ್ರತಿ ಸಾವಿರಾರು ಕಂಪ್ಯೂಟರ್‌ಗಳಲ್ಲಿರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ‘ಹ್ಯಾಶ್’ ಎಂಬ ಗುರುತು ಇರುವುದರಿಂದ, ಹಳೆಯ ಒಂದು ಅಂಕಿ ತಿದ್ದಿದರೂ ಮುಂದಿನ ಪುಟಗಳು ತಾಳೆಯಾಗುವುದಿಲ್ಲ.

ಎಲ್ಲಿ ಕಲಿಯುವುದು?

1. ಮೂಲ ಲೇಖನ: ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾಯಿತು. ಕೇವಲ 9 ಪುಟ. ಗಣಿತದ ಭಾಗ ಬಿಟ್ಟು ಓದಿದರೂ ತಿರುಳು ಸಿಗುತ್ತದೆ.

2. ‘ಮಾಸ್ಟರಿಂಗ್ ಬಿಟ್‌ಕಾಯಿನ್’: ಆಂಡ್ರಿಯಾಸ್ ಆಂಟೊನೊಪೌಲೋಸ್ ಅವರ ಪುಸ್ತಕ. ಅಂತರ್ಜಾಲದಲ್ಲಿ ಉಚಿತ. ಆರಂಭದ ಅಧ್ಯಾಯಗಳು ಎಲ್ಲರಿಗೂ ಅರ್ಥವಾಗುತ್ತವೆ.

3. ಎಂಐಟಿ ಓಪನ್‌ಕೋರ್ಸ್‌ವೇರ್: ಗ್ಯಾರಿ ಗೆನ್ಸ್ಲರ್ 2018ರಲ್ಲಿ ಮಾಡಿದ ‘ಬ್ಲಾಕ್‌ಚೈನ್ ಅಂಡ್ ಮನಿ’ ಪಾಠಗಳ ವಿಡಿಯೋ. ವಾಣಿಜ್ಯ ವಿದ್ಯಾರ್ಥಿಗಳಿಗೆ ಒಳ್ಳೆಯದು.

4. ಎನ್‌ಪಿಟಿಇಎಲ್: ಐಐಟಿ ಖರಗ್‌ಪುರದ ಬ್ಲಾಕ್‌ಚೈನ್ ಕೋರ್ಸ್. ಪಾಠ ಉಚಿತ, ಪ್ರಮಾಣಪತ್ರ ಬೇಕಾದವರಿಗೆ ಮಾತ್ರ ಪರೀಕ್ಷಾ ಶುಲ್ಕ. ಪ್ರೋಗ್ರಾಮಿಂಗ್ ಬಲ್ಲವರಿಗೆ ಸೂಕ್ತ.

ಇವೆಲ್ಲ ಇಂಗ್ಲಿಷಿನಲ್ಲಿವೆ. ತೊಡಕು ಇರುವುದೇ ಇಲ್ಲಿ. ಗಡಿಯಲ್ಲಿರುವ ನಮಗೆ ಕನ್ನಡ ಕಿವಿಗೆ ಬಿದ್ದರೆ ‘ನಮ್ಮವರು’ ಅನ್ನಿಸುವುದು ಸಹಜ. ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಮೋಸ ಮಾಡುವವರಿಗೂ ಇದು ಗೊತ್ತು. ಭಾಷೆ ಒಂದೇ ಎಂಬ ಕಾರಣಕ್ಕೆ ಹಣ ಕೊಡಬೇಡಿ. ‘ಲಾಭ ಖಚಿತ’ ಎಂದರೆ, ‘ಇಬ್ಬರನ್ನು ಸೇರಿಸಿ’ ಎಂದರೆ, ವಾಲೆಟ್‌ನ ಗುಪ್ತಪದಗಳನ್ನು ಕೇಳಿದರೆ, ಅಲ್ಲಿಂದ ಹೊರಬನ್ನಿ.

ಕಾನೂನೂ ತಿಳಿದಿರಲಿ. ಭಾರತದಲ್ಲಿ ಕ್ರಿಪ್ಟೋ ಅಧಿಕೃತ ಚಲಾವಣೆಯ ಹಣವಲ್ಲ. 2022ರ ಏಪ್ರಿಲ್ 1ರಿಂದ ಅದರ ಲಾಭಕ್ಕೆ 30% ತೆರಿಗೆ ಇದೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾವು ಯಾವ ರಾಜ್ಯದಲ್ಲಿದ್ದರೂ ಸಂಖ್ಯೆ ಇದೇ.

ಮೇಲಿನ ಪಾಠಗಳಲ್ಲಿ ಒಂದನ್ನು ಓದಿ ಅಥವಾ ಕೇಳಿ, ಅದರ ಸಾರವನ್ನು ಸರಳ ಕನ್ನಡದಲ್ಲಿ ಒಂದು ಪುಟ ಬರೆದು ಕಳುಹಿಸಿ. ಇಲ್ಲಿಯೇ ಪ್ರಕಟಿಸುತ್ತೇವೆ.