ಕಿಣ್ವವೊಂದು ಹಠ ಹಿಡಿದಾಗ

ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಸಂಕೇತ ನಮ್ಮ ಜೀವಕೋಶಗಳಿಗೆ ತಲುಪುತ್ತಲೇ ಇರಬೇಕು. ಅದನ್ನು ದಾಟಿಸುವವುಗಳಲ್ಲಿ ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳೂ ಸೇರಿವೆ. ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದನ್ನು ಕೆಲಸಕ್ಕೆ ಹಚ್ಚುವುದು ಇವುಗಳ ಕೆಲಸ. ಇದೊಂದು ಸ್ವಿಚ್ ಇದ್ದಂತೆ. ಹಾಕಿದ್ದನ್ನು ಆರಿಸಲೂ ಬರಬೇಕು.

ಆರಿಸಲು ಬಾರದಾದರೆ ಏನಾಗುತ್ತದೆ ಎಂಬುದಕ್ಕೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಉದಾಹರಣೆ. ಇಂತಹ ರೋಗಿಗಳಲ್ಲಿ ತೀರಾ ಗಿಡ್ಡದಾದ ಒಂದು ವರ್ಣತಂತು ಇರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗುರುತಿಸಲಾಯಿತು. ಕಾರಣ ತಿಳಿದದ್ದು 1973ರಲ್ಲಿ. ಕಂಡುಹಿಡಿದವರು ಷಿಕಾಗೋದ ಡಾ. ಜಾನೆಟ್ ರೌಲಿ, ನಾಲ್ಕು ಮಕ್ಕಳ ತಾಯಿ. ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆಯಾಟ ಆಡುತ್ತಾಳೆಂದು ಮಕ್ಕಳಿಗೆ ತಮಾಷೆ! 9 ಮತ್ತು 22ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು ಆ ಮೇಜಿನ ಮೇಲೆಯೇ ಅವರಿಗೆ ಹೊಳೆಯಿತು. ಆ ಬೆಸುಗೆಯಿಂದ ಹುಟ್ಟುವ ಕಿಣ್ವ ಆರುವುದೇ ಇಲ್ಲ, ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ ಎಂಬುದು ನಂತರ ತಿಳಿಯಿತು.

ಆ ಕಿಣ್ವವನ್ನೇ ತಡೆಯುವ ಇಮಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಮಾತ್ರೆಯಿಂದಲೇ ಚಿಕಿತ್ಸೆ ಆರಂಭಿಸಿದವರನ್ನು ಗಮನಿಸಿದ ದೊಡ್ಡ ಅಧ್ಯಯನದಲ್ಲಿ ನೂರಕ್ಕೆ 83 ಮಂದಿ ಹತ್ತು ವರ್ಷಗಳ ಬಳಿಕವೂ ಬದುಕಿದ್ದರು. ಆದರೆ ಬೆಲೆ? ನೋವಾರ್ಟಿಸ್ ಕಂಪೆನಿಯ ಮಾತ್ರೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ತಗಲುತ್ತಿತ್ತು. ಇಲ್ಲಿನ ಕಂಪೆನಿಗಳ ಅದೇ ಔಷಧಿಗೆ ಸುಮಾರು 8ರಿಂದ 10 ಸಾವಿರ. ನೋವಾರ್ಟಿಸ್ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಎಪ್ರಿಲ್ 1ರಂದು ನಿರಾಕರಿಸಿತು. ಕ್ಯಾನ್ಸರ್ ಪೀಡಿತ ಬಡ ಕುಟುಂಬಗಳಿಗೆ ಆ ತೀರ್ಪು ಔಷಧಿಯಷ್ಟೇ ದೊಡ್ಡದು.

ಹೋಗದ ಆಯಾಸ, ರಾತ್ರಿ ಬೆವರು, ತೂಕ ಇಳಿಕೆ, ಎಡ ಪಕ್ಕೆಲುಬಿನ ಕೆಳಗೆ ಭಾರ ಇದರ ಲಕ್ಷಣಗಳು. ಮನೆಗೆಲಸದ ದಣಿವೆಂದು ತಳ್ಳಿಹಾಕುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಇದು ಅಂಟುರೋಗವಲ್ಲ, ತಾಯಿಯಿಂದ ಮಕ್ಕಳಿಗೆ ಬರುವಂಥದ್ದೂ ಅಲ್ಲ. ಹೆಣ್ಣು ನೋಡಲು ಬರುವವರಿಗೂ ಇದನ್ನು ಹೇಳಬೇಕು. ಸ್ವಲ್ಪ ಗುಣವಾಯಿತೆಂದು ಮಾತ್ರೆ ಬಿಟ್ಟರೆ ರೋಗ ಮರುಕಳಿಸಬಹುದು. ಗರ್ಭದಲ್ಲಿರುವ ಮಗುವಿಗೆ ಈ ಮಾತ್ರೆ ಅಪಾಯಕಾರಿ. ಆದ್ದರಿಂದ ಮಗು ಬೇಕೆನ್ನುವವರು ಗರ್ಭ ಧರಿಸುವ ಮೊದಲೇ ವೈದ್ಯರೊಂದಿಗೆ ಮಾತನಾಡಬೇಕು.