ಕಂತು ಮುಗಿದ ಮೇಲೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)



ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಸವಕಲ್ಯಾಣದಲ್ಲಿ ವಚನ ಸಾಹಿತ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳಿದವನೊಬ್ಬನು ಟೆಲಿವಿಷನ್ನಿನ ಧಾರಾವಾಹಿಗಳನ್ನು ಕುರಿತು ಮಾತನಾಡಲು ಹೊರಟರೆ ನಿಮ್ಮಲ್ಲಿ ಕೆಲವರಿಗೆ ನಗೆ ಬಂದೀತು. ಆ ನಗೆ ನನಗೆ ಹೊಸದಲ್ಲ. ಬಹುಕಾಲ ನಾನೇ ಹಾಗೆ ನಗುತ್ತಿದ್ದೆ. ಧಾರಾವಾಹಿಯನ್ನು ನೋಡಿ ಅಳುವವರು, ಸಿಟ್ಟಾಗುವವರು, ಮರುದಿನ ಬಾವಿಕಟ್ಟೆಯಲ್ಲಿ ಅದನ್ನೇ ಚರ್ಚಿಸುವವರು ಸಾಹಿತ್ಯದ ಹೊಸ್ತಿಲನ್ನು ದಾಟದವರೆಂದು ಭಾವಿಸಿದ್ದೆ. ಆ ಭಾವನೆ ಹೇಗೆ ಕಳಚಿತೆಂಬುದನ್ನು ತಮ್ಮ ಮುಂದಿಡುವುದೇ ಇಂದಿನ ಮಾತಿನ ಉದ್ದೇಶ.

ನನಗೆ ಒಬ್ಬ ಅಕ್ಕ. ನನಗಿಂತ ಎಂಟು ವರ್ಷ ಹಿರಿಯಳು. ಹುಮನಾಬಾದಿನ ನಮ್ಮ ಹಿರಿಯರ ಮನೆಯಲ್ಲಿ ಇದ್ದಾಳೆ. 1987ರ ಜನವರಿಯಲ್ಲಿ ರಮಾನಂದ ಸಾಗರರ 'ರಾಮಾಯಣ' ಭಾನುವಾರ ಮುಂಜಾನೆಗಳಲ್ಲಿ ಬರತೊಡಗಿದಾಗ ನಾನು ಹೊಸ ಅಧ್ಯಾಪಕ. ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದು ಉರ್ದುವನ್ನು ಕಿವಿಯಲ್ಲಿ ತುಂಬಿಕೊಂಡು ಬೆಳೆದ ನಮ್ಮ ಕಡೆಯ ಜನಕ್ಕೆ ಹಿಂದಿಯ ಸಂಭಾಷಣೆ ತೊಡಕಾಗಲಿಲ್ಲ. ನೆರೆಮನೆಯ ಪಡಸಾಲೆಯಲ್ಲಿದ್ದ ಒಂದೇ ಪೆಟ್ಟಿಗೆಯ ಮುಂದೆ ಓಣಿಯೆಲ್ಲ ಸೇರುತ್ತಿದ್ದಿತು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಿದ್ದರು. ಮಂಥರೆಯ ಪಾತ್ರ ಮಾಡಿದ್ದ ಲಲಿತಾ ಪವಾರರನ್ನು ಅಕ್ಕ ಒಂದು ವಾರವಿಡೀ ಬೈದಳು. ರೊಟ್ಟಿ ಬಡಿಯುವಾಗಲೂ ಬೈದಳು. "ಅವರು ನಟಿ, ಅಕ್ಕಾ, ನಿಜವಾದ ಮಂಥರೆಯಲ್ಲ" ಎಂದು ನಾನು ನಕ್ಕೆ. "ನನಗ ತಿಳೀದೇನು? ನೀ ಸುಮ್ಕಿರು" ಎಂದಳು. ಅವಳಿಗೆ ತಿಳಿದಿತ್ತೆಂಬುದನ್ನು ನಾನು ನಂಬಲಿಲ್ಲ.

ಈಗ ಯೋಚಿಸಿದರೆ, ಆ ವಾರವೇ ಧಾರಾವಾಹಿಯ ಮರ್ಮವೆಂದು ತೋರುತ್ತದೆ. ಚಲನಚಿತ್ರ ಮೂರು ಗಂಟೆಯಲ್ಲಿ ಮುಗಿಯುತ್ತದೆ. ದೀಪ ಹತ್ತಿತೆಂದರೆ ನಾವು ಎದ್ದು ಬೀದಿಗೆ ಬರುತ್ತೇವೆ. ಧಾರಾವಾಹಿ ಹಾಗಲ್ಲ. ಅದು ಗಂಟು ಬಿದ್ದ ಕಡೆಯಲ್ಲಿ ಕಂತನ್ನು ನಿಲ್ಲಿಸಿ, ಗಂಟನ್ನು ನಮ್ಮ ಮನೆಯಲ್ಲಿಯೇ ಬಿಟ್ಟು ಹೋಗುತ್ತದೆ. ಇದು ಹೊಸ ಉಪಾಯವೇನೂ ಅಲ್ಲ. ಶ್ರಾವಣದಲ್ಲಿ ಗುಡಿಯ ಪುರಾಣಿಕರು ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಂಗಳವಾದ ಮೇಲೆ ಮರುಸಂಜೆಯವರೆಗೆ ಆ ಕಥೆ ಕೇಳಿದವರ ಸ್ವತ್ತು. ಅವರು ಅದನ್ನು ತಿರುವಿ ಹಾಕುತ್ತಿದ್ದರು, ನ್ಯಾಯ ಹೇಳುತ್ತಿದ್ದರು. ಧಾರಾವಾಹಿಯಲ್ಲಿ ಇನ್ನೊಂದು ವಿಶೇಷವಿದೆ. ಬೆಳ್ಳಿತೆರೆಯ ಮೇಲೆ ನಟನ ಮುಖ ಗೋಡೆಯಷ್ಟು ದೊಡ್ಡದು. ಮನೆಯ ತೆರೆಯ ಮೇಲೆ ಅದು ಹೆಚ್ಚುಕಡಿಮೆ ನಮ್ಮ ಮುಖದಷ್ಟೇ. ಎದುರು ಕುಳಿತ ನೆಂಟನೊಡನೆ ಮಾತಾಡಿದಂತೆ ನಾವು ಅದರೊಡನೆ ಮಾತಾಡುತ್ತೇವೆ. ಕಥೆಯನ್ನು ರಬ್ಬರಿನಂತೆ ಎಳೆಯುವುದು, ಒಂದೇ ಮುಖವನ್ನು ಮೂರು ಸಲ ತೋರಿಸಿ ಮೂರು ಸಲ ಡೋಲು ಬಡಿಯುವುದು ಮೊದಲಾದ ದೋಷಗಳು ಎಲ್ಲರಿಗೂ ತಿಳಿದವೇ ಆದುದರಿಂದ ಅವನ್ನು ವಿಸ್ತರಿಸುವುದಿಲ್ಲ.

ಒಳ್ಳೆಯ ಧಾರಾವಾಹಿಗಳು ಬರಲಿಲ್ಲವೆಂದಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಬಂದಿತು. 1998ರಲ್ಲಿ ಟಿ. ಎನ್. ಸೀತಾರಾಮ್ ಮತ್ತು ಸಂಗಡಿಗರ 'ಮಾಯಾಮೃಗ' ಬಂದಿತು. ಇವನ್ನು ಮೆಚ್ಚಿ ನೋಡಿದೆನಾದರೂ ನನ್ನ ಮೆಚ್ಚುಗೆ ವಿಮರ್ಶಕನ ಮೆಚ್ಚುಗೆ. ಕುರ್ಚಿಯ ಬೆನ್ನಿಗೆ ಒರಗಿ ನೋಡಿದ್ದು.

2020ರ ವರ್ಷ ನಿಮಗೆಲ್ಲ ನೆನಪಿದೆ. ಮಾರ್ಚಿಯಲ್ಲಿ ಬಾಗಿಲುಗಳು ಮುಚ್ಚಿದುವು. ಧಾರಾವಾಹಿಗಳ ಚಿತ್ರೀಕರಣವೂ ನಿಂತಿತು. ವಾಹಿನಿಗಳು ಹಳೆಯ ಕಂತುಗಳನ್ನೇ ಮರಳಿ ತೋರಿಸತೊಡಗಿದುವು. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ದಶಕಗಳಿಂದ ನಡೆದುಬಂದಿದ್ದ ಕಟ್ಟು ಆ ವರ್ಷ ಕಿರುತೆರೆಯಲ್ಲಿ ಸಡಿಲಿತು. ಹಾಗೆ ಜುಲೈ ತಿಂಗಳಲ್ಲಿ ಹಿಂದಿಯಿಂದ ಕನ್ನಡಕ್ಕೆ ಬಂದ ಧಾರಾವಾಹಿಗಳಲ್ಲೊಂದು ಜೀ ಕನ್ನಡದ 'ಮಹಾನಾಯಕ'. ಡಾ. ಅಂಬೇಡ್ಕರರ ಜೀವನಕಥೆ. ಶನಿವಾರ, ಭಾನುವಾರಗಳ ಸಂಜೆ ಅದು ಬರುತ್ತಿದ್ದಿತು. ಮುಂದೆ ನಡೆದುದು ಕಿರುತೆರೆಯ ಚರಿತ್ರೆಯಲ್ಲಿ ಅಪೂರ್ವವಾದುದು. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ನೋಡುಗರೇ ಹಣ ಕೂಡಿಸಿ ಆ ಧಾರಾವಾಹಿಯ ಫ್ಲೆಕ್ಸ್ ಫಲಕಗಳನ್ನು ನಿಲ್ಲಿಸಿದರು. ಪ್ರಸಾರವನ್ನು ನಿಲ್ಲಿಸಬೇಕೆಂದು ಬೆದರಿಕೆಗಳು ಬಂದುವೆಂದು ವಾಹಿನಿಯ ಮುಖ್ಯಸ್ಥರು ಬಹಿರಂಗವಾಗಿ ಹೇಳಿದ ಮೇಲಂತೂ ಫಲಕಗಳು ಇನ್ನಷ್ಟು ಎದ್ದುವು.

ಬಸ್ಸುಗಳು ಮತ್ತೆ ಓಡತೊಡಗಿದ್ದುವು. ಅಕ್ಕನಿಗೆ ಮೈ ಸರಿಯಿಲ್ಲವೆಂದು ತಿಳಿದು ಸಸ್ತಾಪುರ ಬಂಗ್ಲಾದ ಹಾದಿಯಾಗಿ ಹುಮನಾಬಾದಿಗೆ ಹೋದೆ. ಕೆಲವು ವಾರ ಅಲ್ಲಿಯೇ ಉಳಿದೆ. ಶನಿವಾರ ಸಂಜೆ ಅವಳು ಪೆಟ್ಟಿಗೆ ಹಚ್ಚಿದಳು. ನಾನೂ ಕುಳಿತೆ.

ನೀರಿನ ಸಂಗತಿ ಆ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಬರಲೇಬೇಕು. ಸಾತಾರೆಯ ಶಾಲೆಯಲ್ಲಿ ತಾವು ನಲ್ಲಿಯನ್ನು ಮುಟ್ಟುವಂತಿರಲಿಲ್ಲವೆಂದೂ, ಜವಾನ ಬಂದು ತಿರುಗಿಸಿದರೆ ಮಾತ್ರ ನೀರೆಂದೂ, ಅವನು ಬಾರದ ದಿನ ಬಾಯಾರಿಕೆಯೇ ಗತಿಯೆಂದೂ ಅಂಬೇಡ್ಕರರೇ ತಮ್ಮ ಆತ್ಮಕಥನದ ಪುಟಗಳಲ್ಲಿ ಬರೆದಿದ್ದಾರೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಅವರು ಕುಡಿದುದರ ಹಿಂದೆ ಆ ಬಾಲ್ಯದ ಬಾಯಾರಿಕೆಯೂ ಇದ್ದಿತು. ಆ ಸಂಜೆಯ ಕಂತಿನಲ್ಲಿ ಬಾಯಾರಿದ ಬಾಲಕ ಬೊಗಸೆಯೊಡ್ಡಿದ್ದ. ಮೇಲಿನಿಂದ ಯಾರೋ ನೀರು ಹೊಯ್ದರು. ನನ್ನ ಕಣ್ಣು ತುಂಬಿತು. ಸಂಕೋಚಪಟ್ಟು ಕನ್ನಡಕವನ್ನು ಒರೆಸಿಕೊಂಡು, ಅಕ್ಕನೂ ಅಳುತ್ತಿರಬೇಕೆಂದು ಅತ್ತ ನೋಡಿದೆ. ಅವಳು ಅಳುತ್ತಿರಲಿಲ್ಲ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ನೀರು ಹಾಕಾವ್ನ ಕೈ ನೋಡಿದ್ಯೇನೋ ತಮ್ಮಾ? ನನ್ನ ಕೈನೂ ಹಂಗೇ ಇತ್ತು" ಎಂದಳು.

ನಮ್ಮ ಮನೆಯಲ್ಲಿ ಹೊಲದ ಆಳೊಬ್ಬರಿದ್ದರು. ಹೊಲದಿಂದ ಬಂದು ಹಿತ್ತಿಲ ಬಾಗಿಲಿನ ಆಚೆ ನಿಂತು ಬೊಗಸೆಯೊಡ್ಡುತ್ತಿದ್ದರು. ತಂಬಿಗೆಯಿಂದ ನೀರು ಹೊಯ್ಯುವ ಕೆಲಸ ಅಕ್ಕನದು. ಆಗ ಅವಳಿಗೆ ಹತ್ತು ವರ್ಷವಿದ್ದೀತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಅಷ್ಟೇ ವರ್ಷಗಳು ಕಳೆದಿದ್ದುವು. ಅದೆಲ್ಲವೂ ನಾನು ಬೆಳೆಯುವಾಗಲೂ ನಡೆದಿತ್ತು. ನನ್ನ ಕಣ್ಣೆದುರೇ ನಡೆದಿತ್ತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ನಡೆದ ಮದುವೆಯ ಕಥೆಯನ್ನು ನಾನು ನೂರಾರು ವಿದ್ಯಾರ್ಥಿಗಳಿಗೆ ಗಂಟಲು ಕಟ್ಟುವಂತೆ ಹೇಳಿದ್ದೇನೆ. ಲಂಕೇಶರ 'ಸಂಕ್ರಾಂತಿ', ಕಾರ್ನಾಡರ 'ತಲೆದಂಡ', ಶಿವಪ್ರಕಾಶರ 'ಮಹಾಚೈತ್ರ' ಈ ಮೂರನ್ನೂ ಹೋಲಿಸಿ ಉಪನ್ಯಾಸ ಮಾಡಿದ್ದೇನೆ. ಆ ಹಿತ್ತಿಲ ಬಾಗಿಲು ನನಗೆ ಒಮ್ಮೆಯೂ ನೆನಪಾಗಿರಲಿಲ್ಲ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಮಾತೊಂದನ್ನು ಹೇಳಬೇಕು. ತೀ. ನಂ. ಶ್ರೀಕಂಠಯ್ಯನವರ ಗ್ರಂಥವನ್ನು ಓದಿದ ನಿಮಗೆ ಸಾಧಾರಣೀಕರಣವೆಂಬುದು ಪರಿಚಿತವೇ ಆಗಿದೆ. ನಾಟಕದ ದುಃಖ ರಾಮನದೂ ಅಲ್ಲ, ನಟನದೂ ಅಲ್ಲ, ನನ್ನದೂ ಅಲ್ಲ. ಅದು ಎಲ್ಲರಿಗೂ ಸಲ್ಲುವ ದುಃಖವಾಗುತ್ತದೆ. ಆದುದರಿಂದಲೇ ಅದು ಆಸ್ವಾದ್ಯವೆಂದು ಭಟ್ಟನಾಯಕ ಹೇಳಿದ. ಅಭಿನವಗುಪ್ತ ರಸವಿಘ್ನಗಳನ್ನು ಎಣಿಸುವಾಗ, ಕಂಡುದನ್ನು 'ಇದು ನನ್ನದು, ಇದು ಪರರದು' ಎಂದು ಕಟ್ಟಿಹಾಕುವುದನ್ನು ಒಂದು ವಿಘ್ನವೆಂದ. ಆ ಲೆಕ್ಕದಲ್ಲಿ ಆ ಸಂಜೆ ನಾನು ಸಹೃದಯ. ನನ್ನ ಕರುಣರಸಕ್ಕೆ ಯಾವ ಅಡ್ಡಿಯೂ ಬರಲಿಲ್ಲ. ಅಕ್ಕನಿಗೆ ರಸವಿಘ್ನವಾಯಿತು. ಅವಳು 'ಇದು ನನ್ನದು' ಎಂದುಬಿಟ್ಟಳು.

ಆಚಾರ್ಯರು ತಪ್ಪಿದರೆಂದು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ನನ್ನ ಕಣ್ಣೀರು ಎಷ್ಟು ಅಗ್ಗದ್ದೆಂಬುದು ಆಗ ಹೊಳೆಯಿತು. ಬಾಲಕನ ಪಕ್ಕದಲ್ಲಿ ನಿಂತು ಅತ್ತರೆ ನನಗೆ ನಷ್ಟವೇನಿದೆ? ಎಲ್ಲರೂ ಅವನ ಪಕ್ಕದಲ್ಲಿಯೇ ನಿಲ್ಲುತ್ತಾರೆ. ತಂಬಿಗೆ ಹಿಡಿದವರ ಪಕ್ಕ ಯಾವಾಗಲೂ ಖಾಲಿ. ಆ ಖಾಲಿ ಜಾಗದಲ್ಲಿ ಒಬ್ಬ ಎಪ್ಪತ್ತರ ಹೆಂಗಸು ತಾನಾಗಿ ಹೋಗಿ ನಿಂತಳು. ಅಂದು ಮಂಥರೆಯನ್ನು ಬೈದಾಗಲೂ ಅವಳು ನಟಿಯನ್ನು ಬೈದಿರಲಿಲ್ಲವೇನೋ. ಕಂಡುದನ್ನು ಮನೆಯ ಬದುಕಿಗೆ ತಂದು ತೂಗುವುದು ಅವಳ ರೀತಿಯಾಗಿತ್ತು. ನಾನು ಅದನ್ನು ಮುಗ್ಧತೆಯೆಂದು ತಿಳಿದಿದ್ದೆ.

ಇನ್ನೊಬ್ಬ ಪ್ರೇಕ್ಷಕರ ಮಾತೂ ಉಂಟು. ಆ ಆಳು ಎಂದೆನಲ್ಲ, ಅವರು ಆಗ ಎಂಬತ್ತು ದಾಟಿದ್ದರು. ಊರ ಅಂಚಿನ ಓಣಿಯಲ್ಲಿ ಮಗನ ಮನೆಯಲ್ಲಿದ್ದರು. ಅವರ ಮೊಮ್ಮಗ ನನ್ನ ವಿದ್ಯಾರ್ಥಿ. ಒಂದೆರಡು ದಿನದ ಮೇಲೆ ಬೇರೆ ಏನೋ ಕೆಲಸಕ್ಕೆ ಫೋನು ಮಾಡಿದವನು ತಾತನೂ ಆ ಕಂತನ್ನು ನೋಡಿದರೆಂದು ಹೇಳಿದ. ಏನೆಂದರು ಎಂದು ಕೇಳಿದೆ. ಹುಡುಗ ಸ್ವಲ್ಪ ತಡೆದು ಹೇಳಿದ: "ಅಷ್ಟು ಸಮೀಪಿಂದ ಯಾರ್ ಹಾಕ್ತಿದ್ರು, ಇನ್ನಾ ಮ್ಯಾಲಿಂದ ಹಾಕೋರು, ಅರ್ಧಾ ನೀರು ಮೊಣಕೈಲಿಂದ ಹರದು ಹೋಗೋದು, ಅಂದ್ರು ಸರ್."

ಅಷ್ಟೇ. ಅಳಲಿಲ್ಲ, ಸಿಟ್ಟಾಗಲಿಲ್ಲ, ಎತ್ತರ ತಪ್ಪಾಗಿದೆ ಎಂದರು. ಬೆಂಗಳೂರಿನ ಯಾವ ವಿಮರ್ಶಕನಿಗೂ, ನನಗೂ ಕಾಣದ ದೋಷವದು. ನಾನು ಕರುಣವನ್ನು ಕಂಡೆ, ಅಕ್ಕ ತನ್ನ ಕೈಯನ್ನು ಕಂಡಳು, ಅವರು ಅಳತೆಯನ್ನು ಕಂಡರು. ಒಂದೇ ಕಂತು.

ಇದನ್ನು ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಒಂದು ರಾತ್ರಿ ಯೋಚಿಸಿ, ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಮೈ ಸರಿಹೋದ ಮೇಲೆ, "ಅಲ್ಲಿಗಿ ಕರ್ಕೊಂಡ್ ನಡಿ" ಎಂದಳು. ಹೋದೆವು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕಾಗಿದ್ದ ಕಾಲ. ಅಂಗಳದಲ್ಲಿ ಕುರ್ಚಿ ಹಾಕಿದರು. ಜೀವಮಾನವಿಡೀ ಅವರನ್ನು ಏಕವಚನದಲ್ಲಿ ಕರೆದಿದ್ದ ಅಕ್ಕ, "ಹ್ಯಾಂಗಿದ್ದೀರಿ?" ಎಂದಳು. ಆ ಒಂದು ಅಕ್ಷರ ಅವಳ ನಾಲಗೆಯಲ್ಲಿ ತಡವರಿಸಿದ್ದನ್ನು ನಾನು ಕೇಳಿದೆ, ಅವರೂ ಕೇಳಿರಬೇಕು. "ಆರಾಮ ಇದ್ದೀನಿ ಅಕ್ಕೋರೆ" ಎಂದರು. ಸ್ಟೀಲಿನ ಲೋಟಗಳಲ್ಲಿ ಚಹಾ ಬಂದಿತು, ಕುಡಿದೆವು. ತಂಬಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಕ್ಷಮೆ ಕೇಳುವುದು, ಕ್ಷಮಿಸುವುದು ಎಂಬವು ನಡೆಯಲಿಲ್ಲ. ಅರವತ್ತು ವರ್ಷದ ಲೆಕ್ಕವನ್ನು ಒಂದು ಲೋಟ ಚಹಾದಲ್ಲಿ ತೀರಿಸಿದೆವೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಅವರಿಬ್ಬರೂ ಮಾತಾಡಿದುದು ಧಾರಾವಾಹಿಯನ್ನು ಕುರಿತು: ಆ ಹುಡುಗ ಚೆನ್ನಾಗಿ ಮಾಡುತ್ತಾನೆ, ತಂದೆಯದೂ ಒಳ್ಳೆಯ ಪಾತ್ರ, ಬರುವ ಶನಿವಾರ ಏನಾದೀತು ಎಂದು. ಅವರಿಬ್ಬರ ನಡುವೆ ಅಷ್ಟು ದೀರ್ಘವಾದ ಮಾತುಕತೆ ಅದುವರೆಗೆ ನಡೆದಿರಲಿಲ್ಲ.

ಧಾರಾವಾಹಿ ಶ್ರೇಷ್ಠ ಕಲೆಯೇ ಎಂದು ನೀವು ಕೇಳಿದರೆ, ಬಹುಪಾಲು ಅಲ್ಲವೆಂದೇ ನಾನು ಈಗಲೂ ಹೇಳುತ್ತೇನೆ. 'ಮಹಾನಾಯಕ'ದಲ್ಲಿಯೂ ಡೋಲು ಹೆಚ್ಚು, ಎಳೆತವೂ ಇದೆ. ಆದರೆ ಕೃತಿಯ ಗುಣವನ್ನು ಅಳೆಯುವಾಗ ನೋಡುಗನು ಎಷ್ಟು ಅತ್ತನೆಂಬುದಕ್ಕಿಂತ, ಕಂತು ಮುಗಿದ ಮೇಲೆ ಅವನು ಆ ದೃಶ್ಯದಲ್ಲಿ ತನ್ನ ನಿಜವಾದ ಜಾಗವನ್ನು ಕಂಡುಕೊಂಡನೇ ಎಂಬುದನ್ನೂ ನಾವು ಕೇಳಬೇಕು. ಆ ಪ್ರಶ್ನೆಗೆ ಬೇಕಾದ ಬಿಡುವು ಕಂತಿಗೂ ಕಂತಿಗೂ ನಡುವೆ ಇದೆ. ನಿಮ್ಮ ಮನೆಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತು ಗಟ್ಟಿಯಾಗಿ ಮಾತಾಡುವ ಹಿರಿಯರಿದ್ದರೆ, ದಯವಿಟ್ಟು ಅವರನ್ನು ನೋಡಿ ನಗಬೇಡಿ. ಅವರು ಏನು ಹೇಳುತ್ತಿದ್ದಾರೆಂಬುದನ್ನು ಸ್ವಲ್ಪ ಕೇಳಿ.